ಹಿಂದುಳಿದ ಸೆಲ್ ಯಾವುದು, ಸೋತ ಸೆಲ್ ಯಾವುದು? ಬಿಸಿಲೂರಿನ ಲಿಥಿಯಂ ಬ್ಯಾಟರಿಗಳ ಬ್ಯಾಲೆನ್ಸ್ ಲೆಕ್ಕ

ಲಿಥಿಯಂ ಬ್ಯಾಟರಿ ಹಾಕಿಸಿಕೊಂಡ ಇ-ರಿಕ್ಷಾ ಚಾಲಕರ ದೂರು ಸಾಮಾನ್ಯವಾಗಿ ಒಂದೆರಡು ಬೇಸಿಗೆ ಕಳೆದ ಮೇಲೆ ಶುರುವಾಗುತ್ತದೆ. ಚಾರ್ಜರ್ ಬೇಗನೆ ಹಸಿರು ದೀಪ ತೋರಿಸುತ್ತದೆ, ಗಾಡಿಯೂ ಅಷ್ಟೇ ಬೇಗ ನಿಂತುಬಿಡುತ್ತದೆ. ಬಳ್ಳಾರಿ, ರಾಯಚೂರು, ಗಂಗಾವತಿ ಕಡೆ ಇದಕ್ಕೆ ಸಿಗುವ ಉತ್ತರ ಎರಡು. ಬ್ಯಾಟರಿ ಕುಂತೈತಿ, ಹೊಸಾದು ಹಾಕ್ರಿ ಅನ್ನುವುದು ಒಂದು. ಆ್ಯಕ್ಟಿವ್ ಬ್ಯಾಲೆನ್ಸರ್ (ಸೆಲ್‌ಗಳ ಚಾರ್ಜನ್ನು ಸಮಮಾಡುವ ಬೋರ್ಡ್) ಕೂಡಿಸಿದ್ರ ಎಲ್ಲಾ ಸರಿ ಆಗ್ತೈತಿ ಅನ್ನುವುದು ಇನ್ನೊಂದು. ಎರಡೂ ಒಮ್ಮೊಮ್ಮೆ ನಿಜವೇ. ಆದರೆ ಅಳೆಯದೆ ಹೇಳಿದಾಗ ಎರಡೂ ಗಿರಾಕಿಯ ಜೇಬಿಗೆ ಕತ್ತರಿ. ಬ್ಯಾಲೆನ್ಸ್ ಮಾಡಿದರೆ ಸರಿಹೋಗುವುದು ಸೆಲ್‌ಗಳ ನಡುವಿನ ಚಾರ್ಜ್ ವ್ಯತ್ಯಾಸ ಮಾತ್ರ. ಸೆಲ್‌ನ ಸಾಮರ್ಥ್ಯವೇ ಕುಗ್ಗಿದ್ದರೆ ಯಾವ ಬ್ಯಾಲೆನ್ಸರ್‌ಗೂ ಅದನ್ನು ಮರಳಿ ತರುವ ಶಕ್ತಿಯಿಲ್ಲ. ಇವೆರಡನ್ನು ಬೇರ್ಪಡಿಸಲು ಬೇಕಾದದ್ದು ಒಂದು ಒಳ್ಳೆಯ ಮಲ್ಟಿಮೀಟರ್ ಮತ್ತು ಎರಡು ಸಲದ ಅಳತೆ: ಪ್ಯಾಕ್ ತುಂಬುವ ಕೊನೆಯಲ್ಲಿ ಒಮ್ಮೆ, ಖಾಲಿಯಾಗುವ ಕೊನೆಯಲ್ಲಿ ಒಮ್ಮೆ.

ಈ ತಿಳಿವಳಿಕೆ ಈಗ ತುರ್ತಾಗಿ ಬೇಕು. 2024ರ ಅಕ್ಟೋಬರ್ 1ರಂದು ಶುರುವಾದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಇ-ರಿಕ್ಷಾಗಳಿಗೂ ಸಹಾಯಧನ ಕೊಟ್ಟರು, ಆದರೆ ಸುಧಾರಿತ ಬ್ಯಾಟರಿ ಇರುವ ಗಾಡಿಗಳಿಗೆ ಮಾತ್ರ. ಹೀಗೆ ಲಿಥಿಯಂ ಊರೂರಿಗೆ ಬಂತು. ರಿಪೇರಿಯ ಕೈಗಳು ಮಾತ್ರ ಆ್ಯಸಿಡ್ ಬ್ಯಾಟರಿಯಲ್ಲಿ ಪಳಗಿದವು. ಆ್ಯಸಿಡ್ ಬ್ಯಾಟರಿಗೆ ತನ್ನನ್ನು ತಾನೇ ಸರಿಮಾಡಿಕೊಳ್ಳುವ ಗುಣವಿದೆ. ಸ್ವಲ್ಪ ಹೆಚ್ಚು ಹೊತ್ತು ಚಾರ್ಜ್ ಮಾಡಿದರೆ ಮೊದಲೇ ತುಂಬಿದ ಸೆಲ್ ನೀರನ್ನು ಗ್ಯಾಸ್ ಮಾಡುತ್ತಾ ಕೂರುತ್ತದೆ, ಅಷ್ಟರಲ್ಲಿ ಹಿಂದಿನದು ಬಂದು ಸೇರುತ್ತದೆ. ಆಮೇಲೆ ಡಿಸ್ಟಿಲ್ಡ್ ವಾಟರ್ ಹಾಕಿದರಾಯಿತು. ಲಿಥಿಯಂ ಸೆಲ್‌ಗೆ ಆ ದಾರಿ ಇಲ್ಲ. ತುಂಬಿದ ಮೇಲೂ ಕರೆಂಟ್ ತಳ್ಳಿದರೆ ವೋಲ್ಟೇಜ್ ನೇರ ಮೇಲೇರಿ ಸೆಲ್ ಹಾಳಾಗುತ್ತದೆ. ಆದ್ದರಿಂದ ಆ ಕೆಲಸವನ್ನು ಹೊರಗಿನ ಸರ್ಕ್ಯೂಟ್ ಮಾಡಬೇಕು.

ನಮ್ಮ ಕಡೆಯ ಇ-ರಿಕ್ಷಾಗಳಲ್ಲಿ ಹೆಚ್ಚು ಕಾಣುವ 51.2 ವೋಲ್ಟ್, 100 ಆಂಪಿಯರ್-ಅವರ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬುದರ ಅಳತೆ) ಪ್ಯಾಕನ್ನೇ ತೆಗೆದುಕೊಳ್ಳೋಣ. ಅದರೊಳಗೆ ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಎಲ್‌ಎಫ್‌ಪಿ ಸೆಲ್‌ಗಳು 16 ಇರುತ್ತವೆ, ಎಲ್ಲವೂ ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೊಂದು ಸರಪಳಿಯಂತೆ. ಒಂದೊಂದರ ಸರಾಸರಿ ವೋಲ್ಟೇಜ್ 3.2, ತುಂಬಿದಾಗ 3.65, ಖಾಲಿಯಾದಾಗ 2.5. ಚಾರ್ಜರ್‌ನ ಗುರಿ 16 ಸಲ 3.65, ಅಂದರೆ 58.4 ವೋಲ್ಟ್. ಸೀರೀಸ್‌ನಲ್ಲಿರುವ ಕಾರಣ 16 ಸೆಲ್‌ಗಳಿಗೂ ಹೋಗುವ ಕರೆಂಟ್ ಒಂದೇ. ಯಾವುದೇ ಒಂದು ಸೆಲ್ 3.65 ಮುಟ್ಟಿದರೆ ಬಿಎಂಎಸ್ (ಸೆಲ್‌ಗಳನ್ನು ಕಾಯುವ ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಂ ಬೋರ್ಡ್) ಇಡೀ ಪ್ಯಾಕಿನ ಚಾರ್ಜ್ ಕಡಿದುಹಾಕುತ್ತದೆ, ಯಾವುದೇ ಒಂದು ಸೆಲ್ 2.5ಕ್ಕೆ ಇಳಿದರೆ ಗಾಡಿ ನಿಲ್ಲಿಸುತ್ತದೆ.

ಈಗ 7ನೇ ಸೆಲ್ ಚಾರ್ಜಿನಲ್ಲಿ ಉಳಿದವುಗಳಿಗಿಂತ ಶೇ 10 ಮುಂದಿದೆ, 12ನೇ ಸೆಲ್ ಶೇ 10 ಹಿಂದಿದೆ ಎಂದುಕೊಳ್ಳಿ. ಚಾರ್ಜ್ ಮಾಡುವಾಗ 7ನೆಯದು ತುಂಬಿದ ಕ್ಷಣಕ್ಕೆ ಉಳಿದವು ಶೇ 90ರಲ್ಲಿ, 12ನೆಯದು ಶೇ 80ರಲ್ಲಿ ನಿಂತಿರುತ್ತವೆ. ಬಿಎಂಎಸ್ ಕಟ್ ಆಗುತ್ತದೆ, ಕರೆಂಟ್ ಸೊನ್ನೆಯಾದದ್ದನ್ನು ಕಂಡ ಚಾರ್ಜರ್ ಹಸಿರು ದೀಪ ಹಾಕುತ್ತದೆ. ಆಗ ಪ್ಯಾಕಿನ ಒಟ್ಟು ವೋಲ್ಟೇಜ್ ನೋಡಿದರೆ 58.4ರ ಬದಲು 54ರ ಆಸುಪಾಸು ಸಿಗುತ್ತದೆ. ಓಡಿಸುವಾಗ 12ನೆಯದು ಮೊದಲು ಖಾಲಿ. ಹೀಗೆ 100ರಲ್ಲಿ ಸಿಕ್ಕಿದ್ದು 80. ಯಾವ ಸೆಲ್ಲೂ ಕೆಟ್ಟಿಲ್ಲ, ಆದರೂ ಐದರಲ್ಲೊಂದು ಪಾಲು ಓಟ ಹೋಯಿತು.

ಬಿಎಂಎಸ್‌ನಲ್ಲೇ ಬ್ಯಾಲೆನ್ಸ್ ಇದೆಯಲ್ಲ, ಅದು ಏನು ಮಾಡುತ್ತಿತ್ತು ಎಂದು ಕೇಳಬಹುದು. ಅಗ್ಗದ ಬೋರ್ಡ್‌ಗಳಲ್ಲಿರುವುದು ಪ್ಯಾಸಿವ್ ಬ್ಯಾಲೆನ್ಸ್. ಪ್ರತಿ ಸೆಲ್‌ಗೆ ಅಡ್ಡಲಾಗಿ ಒಂದು ಪುಟ್ಟ ರೆಸಿಸ್ಟರ್, ಅದಕ್ಕೊಂದು ಎಲೆಕ್ಟ್ರಾನಿಕ್ ಸ್ವಿಚ್. ಸೆಲ್ ಮುಂದೆ ಹೋದರೆ ಅದರ ಚಾರ್ಜನ್ನು ಬಿಸಿಯಾಗಿ ಸುಟ್ಟು ಕಳೆಯುತ್ತದೆ. 62 ಓಮ್ ರೆಸಿಸ್ಟರ್ ಇದ್ದರೆ 3.6 ವೋಲ್ಟ್‌ನಲ್ಲಿ ಹರಿಯುವುದು ಸುಮಾರು 58 ಮಿಲಿಆಂಪಿಯರ್. ಚಾರ್ಜರ್ 20 ಆಂಪಿಯರ್ ತಳ್ಳುತ್ತಿರುವಾಗ ಇದು 0.06 ಆಂಪಿಯರ್ ಹೊರಗೆ ಹಾಕಿದರೆ ಆ ಸೆಲ್‌ಗೆ ಇನ್ನೂ 19.94 ಆಂಪಿಯರ್ ಹೋಗುತ್ತಲೇ ಇರುತ್ತದೆ. ಅದೂ ಈ ಸ್ವಿಚ್ ಸಾಮಾನ್ಯವಾಗಿ ಸೆಲ್ 3.4 ವೋಲ್ಟ್ ದಾಟಿದ ಮೇಲಷ್ಟೇ ಕೆಲಸ ಶುರುಮಾಡುತ್ತದೆ. ದಿನಕ್ಕೆ 20 ನಿಮಿಷ ಅಷ್ಟು ವೋಲ್ಟೇಜ್ ಸಿಕ್ಕಿತು ಅಂದರೂ ಕಳೆದದ್ದು 0.02 ಆಂಪಿಯರ್-ಅವರ್. ಮೇಲಿನ ಉದಾಹರಣೆಯ 10 ಆಂಪಿಯರ್-ಅವರ್ ಸರಿಯಾಗಲು 500 ದಿನ ಬೇಕು. ಮಧ್ಯಾಹ್ನ ಊಟದ ಹೊತ್ತಿಗೆ ಒಂದಿಷ್ಟು, ಸಂಜೆ ಇನ್ನೊಂದಿಷ್ಟು ಚಾರ್ಜ್ ಮಾಡಿ ಓಡಿಸುವ ಗಾಡಿಗೆ ಆ 20 ನಿಮಿಷವೂ ಸಿಗುವುದಿಲ್ಲ. ಹೊಸ ಪ್ಯಾಕಿನ ಸಣ್ಣಪುಟ್ಟ ವ್ಯತ್ಯಾಸ ಬೆಳೆಯದಂತೆ ತಡೆಯಲು ಪ್ಯಾಸಿವ್ ಸಾಕು. ಒಮ್ಮೆ ದೊಡ್ಡದಾದ ಅಂತರವನ್ನು ಮುಚ್ಚುವುದು ಅದರ ಕೈಲಿ ಆಗದ ಕೆಲಸ.

ಅಂತರ ಹುಟ್ಟುವುದು ಎಲ್ಲಿ?

ಮೊದಲ ಕಾರಣ ಬಿಸಿಲು. ರಾಯಚೂರಿನಲ್ಲಿ ಏಪ್ರಿಲ್-ಮೇ ಬಂದರೆ 40 ಡಿಗ್ರಿ ದಾಟುವುದು ಹೊಸ ಮಾತಲ್ಲ. ನೆರಳಿನ ಲೆಕ್ಕವೇ ಅಷ್ಟಾದರೆ ತಗಡಿನ ಬಾಡಿಯ ಸೀಟಿನ ಕೆಳಗಿನ ಪೆಟ್ಟಿಗೆ ಅದಕ್ಕೂ ಮೇಲೆ. ಪ್ರತಿ 10 ಡಿಗ್ರಿಗೆ ಸೆಲ್ ಮುಪ್ಪಾಗುವ ವೇಗ ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ಈ ಕ್ಷೇತ್ರದ ಒರಟು ಅಂದಾಜು. ಎಲ್ಲ ಸೆಲ್‌ಗಳೂ ಸಮನಾಗಿ ಬಿಸಿಯಾದರೆ ಎಲ್ಲವೂ ಸಮನಾಗಿ ಮುಪ್ಪಾಗುತ್ತಿದ್ದವು, ಬ್ಯಾಲೆನ್ಸ್ ಕೆಡುತ್ತಿರಲಿಲ್ಲ. ತೊಂದರೆ ಬರುವುದು ಬಿಸಿ ಒಂದೇ ಕಡೆ ಹೆಚ್ಚಾದಾಗ. ಮೋಟಾರಿನ ಕಂಟ್ರೋಲರ್ ಪಕ್ಕದ ಸಾಲು ಒಂದು ತರಹ, ಗಾಳಿಯಾಡುವ ಅಂಚಿನ ಸಾಲು ಇನ್ನೊಂದು ತರಹ. ಬಿಸಿಯಾದ ಸೆಲ್‌ನಲ್ಲಿ ತಾನಾಗಿ ಸೋರುವ ಚಾರ್ಜೂ ಹೆಚ್ಚು, ಹೀಗಾಗಿ ಅದು ತಿಂಗಳು ತಿಂಗಳೂ ಸ್ವಲ್ಪ ಸ್ವಲ್ಪ ಹಿಂದೆ ಬೀಳುತ್ತದೆ. ಓಡಿಸಿ ಬಂದ ಕೂಡಲೇ ಪ್ಲಗ್ ಹಾಕದೆ ಗಾಡಿಯನ್ನು ನೆರಳಲ್ಲಿ ಒಂದು ಗಂಟೆ ಬಿಟ್ಟು, ಸಾಧ್ಯವಾದರೆ ರಾತ್ರಿ ಚಾರ್ಜ್ ಮಾಡಿದರೆ ಈ ವ್ಯತ್ಯಾಸ ನಿಧಾನವಾಗುತ್ತದೆ.

ಎರಡನೆಯದು ಬೋರ್ಡಿನದೇ ತಿಂಡಿ. ಕೆಲವು ಅಗ್ಗದ ಬಿಎಂಎಸ್‌ಗಳು ತಮ್ಮ ವಿದ್ಯುತ್ತನ್ನು ಇಡೀ ಸಾಲಿನಿಂದ ತೆಗೆದುಕೊಳ್ಳದೆ ಕೆಳಗಿನ ಕೆಲವೇ ಸೆಲ್‌ಗಳಿಂದ ಎಳೆಯುತ್ತವೆ. ದಿನವೂ ಓಡುವ ಗಾಡಿಯಲ್ಲಿ ಇದು ಗೊತ್ತಾಗುವುದಿಲ್ಲ, ತಿಂಗಳುಗಟ್ಟಲೆ ನಿಂತ ಪ್ಯಾಕಿನಲ್ಲಿ ಅದೇ ಸೆಲ್‌ಗಳು ಬರಿದಾಗಿರುತ್ತವೆ. ಮೂರನೆಯದು ಕಟ್ಟುವಾಗಿನ ಅವಸರ: ಬೇರೆ ಬೇರೆ ಬ್ಯಾಚಿನ ಸೆಲ್‌ಗಳನ್ನು ಒಂದೇ ಮಟ್ಟಕ್ಕೆ ತರದೆ ಹಾಗೇ ಜೋಡಿಸಿಬಿಡುವುದು.

ಮೀಟರ್ ತೋರಿಸುವುದನ್ನು ಓದುವ ಬಗೆ

ಎಲ್‌ಎಫ್‌ಪಿ ಸೆಲ್‌ನ ವೋಲ್ಟೇಜ್ ನಡುವಿನಲ್ಲಿ ಚಪ್ಪಟೆ. ಶೇ 70ರಿಂದ ಶೇ 40ಕ್ಕೆ ಇಳಿದರೂ ವಿಶ್ರಾಂತಿಯ ವೋಲ್ಟೇಜ್ (ಚಾರ್ಜ್, ಲೋಡ್ ಎರಡೂ ಇಲ್ಲದಾಗಿನದು) ಕಡಿಮೆಯಾಗುವುದು ಸುಮಾರು 30-40 ಮಿಲಿವೋಲ್ಟ್ ಅಷ್ಟೇ. ಆದ್ದರಿಂದ ಅರ್ಧ ಚಾರ್ಜಿನ ಪ್ಯಾಕ್ ಬಿಚ್ಚಿ, 16 ಸೆಲ್‌ಗಳೂ 3.29, 3.30 ತೋರಿಸುತ್ತಿವೆ, ಬ್ಯಾಲೆನ್ಸ್ ಚೆನ್ನಾಗಿದೆ ಎಂದು ಹೇಳುವ ಅಂಗಡಿಯವರ ಮಾತನ್ನು ಒಪ್ಪಬೇಡಿ. ಆ ಓದಿನಿಂದ ಏನೂ ಗೊತ್ತಾಗುವುದಿಲ್ಲ. ಮೀಟರ್ ಕೂಡ ಮುಖ್ಯ. 20 ವೋಲ್ಟ್ ರೇಂಜಿನಲ್ಲಿಟ್ಟ ಸಾಮಾನ್ಯ 2000 ಕೌಂಟ್ ಮೀಟರ್ 10 ಮಿಲಿವೋಲ್ಟ್‌ಗಿಂತ ಸಣ್ಣದನ್ನು ತೋರಿಸಲಾರದು. 6000 ಕೌಂಟಿನದು ಒಂದೊಂದು ಮಿಲಿವೋಲ್ಟನ್ನೂ ತೋರಿಸುತ್ತದೆ.

ಸರಿಯಾದ ಅಳತೆ ಹೀಗೆ. ಮೊದಲು ಚಾರ್ಜರ್ ಹಾಕಿ, ಬಿಎಂಎಸ್ ಕಟ್ ಆಗುವ ಹೊತ್ತಿಗೆ, ಕರೆಂಟ್ ಇನ್ನೂ ಹರಿಯುತ್ತಿರುವಾಗಲೇ 16 ಸೆಲ್‌ಗಳನ್ನೂ ಬರೆದುಕೊಳ್ಳಿ. ಬ್ಲೂಟೂತ್ ಇರುವ ಬಿಎಂಎಸ್ ಆದರೆ ಮೊಬೈಲಿನಲ್ಲೇ ಕಾಣುತ್ತದೆ. ಆಮೇಲೆ ಗಾಡಿ ಓಡಿಸಿ ಖಾಲಿಯ ಹತ್ತಿರ ತಂದು, ಲೈಟಿನಂತಹ ಸಣ್ಣ ಲೋಡ್ ಇರುವಾಗಲೇ ಮತ್ತೆ ಬರೆದುಕೊಳ್ಳಿ. ಕಟ್ ಆದ ಮೇಲೆ ಅಳೆದರೆ 2.5ಕ್ಕೆ ಇಳಿದಿದ್ದ ಸೆಲ್ ಸ್ವಲ್ಪ ಹೊತ್ತಿಗೇ ಚೇತರಿಸಿಕೊಂಡು ಮೇಲೆ ಬಂದು ದಾರಿ ತಪ್ಪಿಸುತ್ತದೆ.

ಈಗ ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಡಿ. 7ನೇ ಸೆಲ್ ತುಂಬುವಾಗ ಎಲ್ಲಕ್ಕಿಂತ ಮೇಲೆ, ಖಾಲಿಯಾಗುವಾಗಲೂ ಎಲ್ಲಕ್ಕಿಂತ ಮೇಲೆ ಇದ್ದರೆ ಅದು ಬರೀ ಮುಂದೆ ಹೋದ ಸೆಲ್. ತುಂಬುವಾಗಲೂ ಕೆಳಗೆ, ಖಾಲಿಯಾಗುವಾಗಲೂ ಕೆಳಗೆ ಇರುವುದು ಹಿಂದುಳಿದ ಸೆಲ್. ಇವೆರಡಕ್ಕೂ ಬ್ಯಾಲೆನ್ಸೇ ಮದ್ದು. ಆದರೆ ತುಂಬುವಾಗ ಎಲ್ಲಕ್ಕಿಂತ ಮೊದಲು 3.65 ಮುಟ್ಟಿ, ಖಾಲಿಯಾಗುವಾಗ ಉಳಿದವು 3.15ರಲ್ಲಿರುವಾಗಲೇ 2.5ಕ್ಕೆ ಬೀಳುವ ಸೆಲ್ ಇದ್ದರೆ ಅದರ ಹೊಟ್ಟೆಯೇ ಸಣ್ಣದಾಗಿದೆ. ಅದು ಸೋತ ಸೆಲ್. ಅದನ್ನು ಎಷ್ಟು ಸಲ ಬ್ಯಾಲೆನ್ಸ್ ಮಾಡಿದರೂ ಪ್ಯಾಕಿನ ಓಟ ಆ ಸೆಲ್‌ನ ಅಳತೆಗೇ ನಿಲ್ಲುತ್ತದೆ.

ಇನ್ನೊಂದು ಬಗೆಯೂ ಉಂಟು. ನಿಂತಾಗ ಸರಿಯಿದ್ದು, ಲೋಡ್ ಬಿದ್ದಾಗ ಮಾತ್ರ ಕುಸಿದು, ಚಾರ್ಜ್ ಹಾಕಿದಾಗ ಮಾತ್ರ ಜಿಗಿಯುವ ಸೆಲ್. ಇಲ್ಲಿ ಸೆಲ್ಲನ್ನು ದೂರುವ ಮುಂಚೆ ಬಸ್‌ಬಾರಿನ (ಸೆಲ್‌ಗಳನ್ನು ಜೋಡಿಸುವ ಲೋಹದ ಪಟ್ಟಿ) ನಟ್ ನೋಡಿ. ಗಟ್ಟಿಯಾಗಿರುವ 100 ಆಂಪಿಯರ್-ಅವರ್ ಸೆಲ್‌ನ ಒಳ ರೆಸಿಸ್ಟೆನ್ಸ್ ಅರ್ಧ ಮಿಲಿಓಮ್ ಆಸುಪಾಸು. ಸಡಿಲವಾದ ಒಂದು ಜಾಯಿಂಟ್ ಸುಲಭವಾಗಿ 1 ಮಿಲಿಓಮ್ ಕೂಡಿಸುತ್ತದೆ, 50 ಆಂಪಿಯರ್ ಎಳೆದಾಗ ಅಲ್ಲೇ 50 ಮಿಲಿವೋಲ್ಟ್ ಕಾಣೆ. ಸಂಡೂರು ಕಡೆಯ ಅದಿರು ಲಾರಿಗಳು ಕಿತ್ತುಹಾಕಿದ ರಸ್ತೆಗಳಲ್ಲಿ ಓಡುವ ಗಾಡಿಗೆ ಇದು ಅಪರೂಪದ ದೋಷವಲ್ಲ. ಹಾಗೆಯೇ ಅಕ್ಕಪಕ್ಕದ ಎರಡು ಸೆಲ್‌ಗಳಲ್ಲಿ ಒಂದು 3.45, ಇನ್ನೊಂದು 3.19 ತೋರಿಸಿ, ಎರಡರ ಸರಾಸರಿ ಮಾತ್ರ ಉಳಿದವುಗಳಷ್ಟೇ ಇದ್ದರೆ ಅವುಗಳ ನಡುವಿನ ಸೆನ್ಸ್ ವೈರಿನ (ಬಿಎಂಎಸ್‌ಗೆ ಸೆಲ್ ವೋಲ್ಟೇಜ್ ತಿಳಿಸುವ ಸಣ್ಣ ವೈರ್) ಕ್ರಿಂಪ್ ಕೈಕೊಟ್ಟಿದೆ. ಮೀಟರಿನ ಮೊನೆಯನ್ನು ನೇರ ಸೆಲ್‌ನ ಟರ್ಮಿನಲ್‌ಗೆ ಇಟ್ಟು ನೋಡಿದರೆ ಸುಳ್ಳು ಬಯಲಾಗುತ್ತದೆ.

ಕೈಯಾರೆ ಸರಿಮಾಡುವುದು

ವಾರಂಟಿ ಇದ್ದರೆ ಸೀಲ್ ಒಡೆಯಬೇಡಿ, ಮೇಲಿನ ಎರಡು ಪಟ್ಟಿಗಳನ್ನು ಹಿಡಿದುಕೊಂಡು ಮಾರಿದವರ ಬಳಿ ಹೋಗಿ. ವಾರಂಟಿ ಮುಗಿದಿದ್ದರೆ, ಬೋಲ್ಟ್ ಹಾಕಿದ ಚೌಕಾಕಾರದ ಎಲ್‌ಎಫ್‌ಪಿ ಸೆಲ್‌ಗಳಾಗಿದ್ದರೆ, ಕೆಲಸ ಬಲ್ಲವರು ಮಾಡಬಹುದಾದದ್ದು ಇದು. ಉಂಗುರ, ಕಡಗ, ವಾಚು ತೆಗೆದಿಡಿ, ಸ್ಪ್ಯಾನರಿಗೆ ಹಿಡಿಯುವ ತುದಿ ಬಿಟ್ಟು ಉಳಿದೆಡೆ ಇನ್ಸುಲೇಷನ್ ಟೇಪ್ ಸುತ್ತಿ. ಈ ಸೆಲ್ ಶಾರ್ಟ್ ಆದರೆ ಹರಿಯುವುದು ಸಾವಿರಾರು ಆಂಪಿಯರ್. ಬಿಚ್ಚುವಾಗ ಬಿಎಂಎಸ್‌ನ ಸಣ್ಣ ಬ್ಯಾಲೆನ್ಸ್ ಕನೆಕ್ಟರ್ ಮೊದಲು, ದಪ್ಪ ನೆಗೆಟಿವ್ ಆಮೇಲೆ. ಜೋಡಿಸುವಾಗ ಇದರ ತಿರುಗು ಕ್ರಮ: ದಪ್ಪ ನೆಗೆಟಿವ್ ಮೊದಲು, ಕನೆಕ್ಟರ್ ಕೊನೆಗೆ. ಕ್ರಮ ತಪ್ಪಿದರೆ ಬೋರ್ಡಿನ ಚಿಪ್ ಸುಡುತ್ತದೆ.

ಒಂದೇ ಸೆಲ್ ಮುಂದಿದ್ದರೆ ಇಡೀ ಪ್ಯಾಕ್ ಬಿಚ್ಚಬೇಕಿಲ್ಲ. 1 ಓಮ್, 25 ವ್ಯಾಟಿನ ವೈರ್-ವೂಂಡ್ ರೆಸಿಸ್ಟರನ್ನು ಆ ಸೆಲ್‌ಗಷ್ಟೇ ಅಡ್ಡ ಕಟ್ಟಿದರೆ ಸುಮಾರು 3.3 ಆಂಪಿಯರ್ ಹರಿಯುತ್ತದೆ, 3 ಗಂಟೆಯಲ್ಲಿ 10 ಆಂಪಿಯರ್-ಅವರ್ ಇಳಿಯುತ್ತದೆ. ರೆಸಿಸ್ಟರ್ 11 ವ್ಯಾಟ್ ಬಿಸಿ ಕಾರುವುದರಿಂದ ಅದನ್ನು ಸೆಲ್‌ನಿಂದ ದೂರ, ಟೈಲ್ಸ್ ತುಂಡಿನ ಮೇಲಿಡಿ. ಒಂದೇ ಸೆಲ್ ಹಿಂದಿದ್ದರೆ 3.65 ವೋಲ್ಟಿನ ಸಿಂಗಲ್ ಸೆಲ್ ಚಾರ್ಜರ್ ಹಚ್ಚಿ ಅದೊಂದನ್ನೇ ತುಂಬಿಸಿ. ಇಂಥ ನೇರ ಉಪಾಯವನ್ನು ಬಿಟ್ಟು ಪ್ರತಿ ಸಲ ಹದಿನಾರೂ ಸೆಲ್ ಬಿಚ್ಚುವುದು ವ್ಯರ್ಥ ಶ್ರಮ.

ಹಲವು ಸೆಲ್‌ಗಳು ಚೆಲ್ಲಾಪಿಲ್ಲಿಯಾಗಿದ್ದರೆ ಮಾತ್ರ ಪೂರ್ತಿ ಟಾಪ್ ಬ್ಯಾಲೆನ್ಸ್: ಎಲ್ಲವನ್ನೂ ಪ್ಯಾರಲಲ್ ಮಾಡಿ, ಅಂದರೆ ಪಾಸಿಟಿವ್‌ಗಳನ್ನೆಲ್ಲ ಒಂದು ಕಡೆ, ನೆಗೆಟಿವ್‌ಗಳನ್ನೆಲ್ಲ ಇನ್ನೊಂದು ಕಡೆ ಜೋಡಿಸಿ ಒಟ್ಟಿಗೆ ತುಂಬಿಸುವುದು. ಮೊದಲು ಸೀರೀಸ್‌ನಲ್ಲೇ ಬಿಎಂಎಸ್ ಸಮೇತ ಕಟ್ ಆಗುವವರೆಗೆ ಚಾರ್ಜ್ ಮಾಡಿಕೊಳ್ಳಬೇಕು. ಅರ್ಧ ತುಂಬಿದ 16 ಸೆಲ್‌ಗಳನ್ನು ಪ್ಯಾರಲಲ್ ಮಾಡಿ 10 ಆಂಪಿಯರ್ ಪವರ್ ಸಪ್ಲೈ ಹಚ್ಚಿದರೆ 800 ಆಂಪಿಯರ್-ಅವರ್ ತುಂಬಲು 80 ಗಂಟೆ ಬೇಕು. ಶೇ 90 ತುಂಬಿಸಿಕೊಂಡು ಬಂದರೆ 15-16 ಗಂಟೆಯಲ್ಲಿ ಮುಗಿಯುತ್ತದೆ. ಪ್ಯಾರಲಲ್ ಮಾಡುವ ಮೊದಲು ವಿಶ್ರಾಂತಿಯ ವೋಲ್ಟೇಜ್‌ಗಳು 50 ಮಿಲಿವೋಲ್ಟ್ ಒಳಗಿರಲಿ, ಇಲ್ಲವಾದರೆ ಜೋಡಿಸಿದ ಕ್ಷಣವೇ ಒಂದರಿಂದ ಇನ್ನೊಂದಕ್ಕೆ ಹತ್ತಾರು ಆಂಪಿಯರ್ ನುಗ್ಗುತ್ತದೆ.

ಪವರ್ ಸಪ್ಲೈಯನ್ನು ಸೆಲ್‌ಗೆ ಜೋಡಿಸುವ ಮುನ್ನ, ವೈರ್ ಖಾಲಿ ಇರುವಾಗಲೇ 3.60 ವೋಲ್ಟ್‌ಗೆ ಇಟ್ಟು ಮೀಟರಿನಿಂದ ಖಚಿತಮಾಡಿಕೊಳ್ಳಿ. ಹೆಚ್ಚು ಸೆಲ್ ಕೆಡುವುದು ಈ ಹಂತದಲ್ಲೇ. ಕರೆಂಟ್ ಕಡಿಮೆ ಹೋಗುತ್ತಿದೆ ಅಂತ ವೋಲ್ಟೇಜ್ ನಾಬ್ ತಿರುಗಿಸಿ 5 ವೋಲ್ಟ್‌ಗೆ ಏರಿಸಿ ರಾತ್ರಿ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಸೆಲ್‌ಗಳು ಉಬ್ಬಿರುತ್ತವೆ, ಏಕೆಂದರೆ ಈ ಹೊತ್ತಿನಲ್ಲಿ ಬಿಎಂಎಸ್‌ನ ಕಾವಲು ಇರುವುದಿಲ್ಲ. ಕರೆಂಟ್ ಕಡಿಮೆಯಾಗಲು ನಿಜವಾದ ಕಾರಣ ತೆಳುವಾದ ವೈರ್ ಮತ್ತು ಕ್ರೊಕೊಡೈಲ್ ಕ್ಲಿಪ್. ರಿಂಗ್ ಲಗ್ ಹಾಕಿದ ದಪ್ಪ ತಾಮ್ರದ ವೈರ್ ಬಳಸಿ. ಸೆಲ್‌ಗಳ ಮೇಲೆ 3.60 ಬಂದು ಕರೆಂಟ್ 2 ಆಂಪಿಯರ್‌ಗೆ ಇಳಿದರೆ ಸಾಕು, ಬಿಚ್ಚಿ. ಯಾರೂ ಇಲ್ಲದ ಕೋಣೆಯಲ್ಲಿ ಇದನ್ನು ಬಿಟ್ಟುಹೋಗುವುದು ಬೇಡ. ಮರಳಿ ಸೀರೀಸ್ ಕಟ್ಟುವಾಗ ಟರ್ಮಿನಲ್ ಮೇಲಿನ ಅಲ್ಯೂಮಿನಿಯಂ ಆಕ್ಸೈಡ್ ಪೊರೆಯನ್ನು ನಯವಾದ ಎಮರಿ ಕಾಗದದಿಂದ ಉಜ್ಜಿ ಒರೆಸಿ. ಎಂ6 ನಟ್‌ಗೆ ಸಾಮಾನ್ಯವಾಗಿ 4ರಿಂದ 6 ನ್ಯೂಟನ್-ಮೀಟರ್ ಬಿಗಿತ ಸಾಕು. ಮೈಮೇಲೆ ಬಂದವರಂತೆ ತಿರುಗಿಸಿದರೆ ಸ್ಟಡ್ ಕಿತ್ತು ಕೈಗೆ ಬರುತ್ತದೆ.

ಸ್ಕೂಟರಿನ ಎನ್‌ಎಂಸಿ (ನಿಕಲ್-ಮ್ಯಾಂಗನೀಸ್-ಕೋಬಾಲ್ಟ್ ಬಗೆಯ ಲಿಥಿಯಂ) ಪ್ಯಾಕಿಗೆ ಈ ಕ್ರಮ ಅನ್ವಯಿಸುವುದಿಲ್ಲ. ಅದರ ಸೆಲ್ 4.2 ವೋಲ್ಟಿನದು, ನಿಕಲ್ ಪಟ್ಟಿಯಿಂದ ವೆಲ್ಡ್ ಆಗಿರುತ್ತದೆ, ಎಡವಟ್ಟಾದರೆ ಬೆಂಕಿಯ ವೇಗವೂ ಹೆಚ್ಚು. 2022ರ ಡಿಸೆಂಬರ್ ಮತ್ತು 2023ರ ಮಾರ್ಚ್‌ನಲ್ಲಿ ಎರಡು ಹಂತವಾಗಿ ಜಾರಿಗೆ ಬಂದ ಎಐಎಸ್-156 ಎಂಬ ವಾಹನ ಸುರಕ್ಷತಾ ಮಾನದಂಡದ ತಿದ್ದುಪಡಿಗಳು ಸ್ಕೂಟರ್ ಬ್ಯಾಟರಿಯ ಸುರಕ್ಷತೆಯನ್ನು ಬಿಗಿಗೊಳಿಸಿದ್ದೇ ಸರಣಿ ಬೆಂಕಿ ಅನಾಹುತಗಳ ನಂತರ. ಅಂಥ ಪ್ಯಾಕ್ ತಯಾರಕರ ಸರ್ವಿಸ್‌ಗೇ ಹೋಗಲಿ. ಯಾವ ಜಾತಿಯದೇ ಆಗಲಿ, 2 ವೋಲ್ಟ್‌ಗಿಂತ ಕೆಳಗೆ ಬಿದ್ದು ಬಹುಕಾಲ ಉಳಿದ ಸೆಲ್ಲನ್ನು ಚಾರ್ಜ್ ಮಾಡಲು ಹೋಗಬೇಡಿ. ಒಳಗಿನ ತಾಮ್ರದ ಹಾಳೆ ಕರಗಿ ಬೇರೆಡೆ ಕೂತಿರುತ್ತದೆ, ಚಾರ್ಜ್ ಮಾಡಿದಾಗ ಒಳಗೇ ಶಾರ್ಟ್ ಆಗಬಹುದು.

ಆ್ಯಕ್ಟಿವ್ ಬ್ಯಾಲೆನ್ಸರ್ ಯಾವಾಗ?

ಆ್ಯಕ್ಟಿವ್ ಬ್ಯಾಲೆನ್ಸರ್ ಮುಂದೆ ಹೋದ ಸೆಲ್‌ನ ಚಾರ್ಜನ್ನು ಸುಡದೆ ಹಿಂದುಳಿದದ್ದಕ್ಕೆ ಸಾಗಿಸುತ್ತದೆ. 1 ಅಥವಾ 2 ಆಂಪಿಯರಿನದು ಸಿಕ್ಕರೆ ವಾರಗಳ ಕೆಲಸ ಗಂಟೆಗಳಲ್ಲಿ ಆಗುತ್ತದೆ, ಇದು ನಿಜ. ಆದರೆ ಕೆಪ್ಯಾಸಿಟರ್ ಬಗೆಯ ಬೋರ್ಡಿನ ಮೇಲೆ 5 ಆಂಪಿಯರ್ ಎಂದು ಬರೆದಿದ್ದರೆ ಅದು ಸೆಲ್‌ಗಳ ನಡುವೆ ಭಾರೀ ವ್ಯತ್ಯಾಸ ಇದ್ದಾಗಿನ ಮಾತು, 20 ಮಿಲಿವೋಲ್ಟ್ ವ್ಯತ್ಯಾಸದಲ್ಲಿ ಹರಿಯುವುದು ಅದರ ಒಂದು ಚೂರು. ಇದಕ್ಕಿಂತ ದೊಡ್ಡ ತೊಂದರೆ ಅದು ಹಗಲಿರುಳೂ ಕೆಲಸ ಮಾಡುವುದು. ಗಾಡಿ ಏರು ಹತ್ತುವಾಗ ಸಡಿಲ ನಟ್ಟಿನ ಸೆಲ್ ಕೆಳಗೆ ಕಾಣುತ್ತದೆ, ಬ್ಯಾಲೆನ್ಸರ್ ಅದಕ್ಕೆ ಚಾರ್ಜ್ ತುಂಬುತ್ತದೆ, ಕೊನೆಗೆ ಆ ಸೆಲ್ಲೇ ಎಲ್ಲಕ್ಕಿಂತ ಮುಂದೆ ಹೋಗಿ ಚಾರ್ಜ್ ಕಡಿಯುತ್ತದೆ. ಸರಿಯಿದ್ದದ್ದನ್ನು ಕೆಡಿಸಿದಂತೆ. ಆದ್ದರಿಂದ 3.40 ವೋಲ್ಟ್ ಮೇಲೆ ಮಾತ್ರ ಶುರುವಾಗುವಂತೆ ಸೆಟ್ ಮಾಡಲು ಬರುವ ಬಿಎಂಎಸ್ ಇದ್ದರೆ ಮಾತ್ರ ದುಡ್ಡು ಹಾಕಿ. ಅದರ ಜೊತೆಗೆ ವಾರಕ್ಕೊಮ್ಮೆ ಪೂರ್ತಿ ಚಾರ್ಜ್ ಮಾಡಿ, ಸಿಕ್ಕರೆ 20ರ ಬದಲು 2-3 ಆಂಪಿಯರಿನ ಸಣ್ಣ ಚಾರ್ಜರ್‌ನಲ್ಲಿ ಕೊನೆಯ ಭಾಗ ಮುಗಿಸಿ. ಕರೆಂಟ್ ಚಿಕ್ಕದಾದಷ್ಟೂ ಬ್ಯಾಲೆನ್ಸರ್‌ಗೆ ಹಿಡಿತ ಸಿಗುತ್ತದೆ.

ಹೊಲದ ಮಾತೂ ಇಲ್ಲಿ ಸೇರಬೇಕು. ರಾಯಚೂರು, ಮಾನ್ವಿ, ಸಿಂಧನೂರು ಕಡೆ ಹತ್ತಿ, ಮೆಣಸಿನಕಾಯಿ, ಭತ್ತಕ್ಕೆ ಔಷಧಿ ಹೊಡೆಯುವ ಬೆನ್ನಿನ ಪಂಪುಗಳಲ್ಲಿ ಮೂರು ಬಗೆಯ ಬ್ಯಾಟರಿ ಇವೆ: ಆ್ಯಸಿಡ್, ಮೂರು ಎನ್‌ಎಂಸಿ ಸೆಲ್, ನಾಲ್ಕು ಎಲ್‌ಎಫ್‌ಪಿ ಸೆಲ್. ಮೂರನ್ನೂ 12 ವೋಲ್ಟ್ ಎಂದೇ ಕರೆಯುತ್ತಾರೆ, ಪಿನ್ ಕೂಡ ಹಲವು ಸಲ ಒಂದೇ. ಎನ್‌ಎಂಸಿಯ ಚಾರ್ಜರ್ 12.6 ವೋಲ್ಟ್, ಎಲ್‌ಎಫ್‌ಪಿಯದು 14.6. ಮೊದಲನೆಯದನ್ನು ಎಲ್‌ಎಫ್‌ಪಿಗೆ ಹಾಕಿದರೆ ಸೆಲ್‌ಗೆ 3.15 ಸಿಕ್ಕಿ ಪ್ಯಾಕ್ ತುಂಬುವುದೇ ಇಲ್ಲ. ಎರಡನೆಯದನ್ನು ಎನ್‌ಎಂಸಿಗೆ ಹಾಕಿದರೆ ಸೆಲ್‌ಗೆ 4.87 ಬೀಳುತ್ತದೆ, ಬೆಂಕಿಗೂ ನಿಮಗೂ ನಡುವೆ ಇರುವುದು ಅಗ್ಗದ ಬೋರ್ಡ್ ಒಂದೇ. ಚಾರ್ಜರ್‌ಗೂ ಪಂಪಿಗೂ ಒಂದೇ ಬಣ್ಣದ ಟೇಪ್ ಸುತ್ತಿ ಗುರುತು ಮಾಡಿಡಿ. ಹಂಗಾಮು ಮುಗಿದ ಮೇಲೆ ಅರ್ಧ ಚಾರ್ಜಿನಲ್ಲಿ ತಂಪಾದ ಕಡೆ ಇಟ್ಟು ಮೂರು ತಿಂಗಳಿಗೊಮ್ಮೆ ನೋಡಿ. ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಗಳ ಇನ್ವರ್ಟರಿಗೆ ಲಿಥಿಯಂ ಹಾಕಿಸುವವರು ಇನ್ವರ್ಟರಿನ ಈಕ್ವಲೈಸ್ ಆಯ್ಕೆಯನ್ನು ಆಫ್ ಮಾಡಿ. ಅದು 15 ವೋಲ್ಟ್ ದಾಟಿಸುವುದು ಆ್ಯಸಿಡ್ ಬ್ಯಾಟರಿಗೆ ಹಿತ, ನಾಲ್ಕು ಎಲ್‌ಎಫ್‌ಪಿ ಸೆಲ್‌ಗಳಿಗೆ ಪ್ರತಿ ಸಲವೂ ಬಿಎಂಎಸ್ ಕಟ್.

ಸೋತ ಸೆಲ್ ತೆಗೆಯುವುದೇ ಆದರೆ ಅದನ್ನು ಒಂಟಿಯಾಗಿ 3.65ಕ್ಕೆ ತುಂಬಿಸಿ, 10-20 ಆಂಪಿಯರಿನಲ್ಲಿ 2.5ರವರೆಗೆ ಖಾಲಿಮಾಡಿ ಎಷ್ಟು ಆಂಪಿಯರ್-ಅವರ್ ಬಂತೆಂದು ಮೊದಲು ಖಚಿತಮಾಡಿಕೊಳ್ಳಿ. ಉಳಿದವು 95 ಕೊಡುವಾಗ ಇದು 70 ಕೊಟ್ಟರೆ ತೆಗೆಯಬೇಕಾದದ್ದೇ. ಬದಲಿಗೆ ಬರುವ ಸೆಲ್ ಅದೇ ರಾಸಾಯನಿಕದ್ದು, ಅದೇ ಅಳತೆಯದ್ದು ಆಗಿರಲಿ, ಕೂರಿಸುವ ಮುನ್ನ ಅದನ್ನೂ ಉಳಿದವನ್ನೂ ಪೂರ್ತಿ ತುಂಬಿಸಿ. ತೆಗೆದ ಸೆಲ್ಲಿನ ಎರಡೂ ತುದಿಗೆ ಟೇಪ್ ಸುತ್ತಿ ಬೇರೆಯೇ ಇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯದನ್ನು ವಾಪಸ್ ಪಡೆಯುವ ಹೊಣೆ ತಯಾರಕರದು. ಗುಜರಿಯ ರಾಶಿಗೆ ಎಸೆದರೆ ಅಲ್ಲಿ ಜಜ್ಜುವವನ ಕೈ ಸುಡುತ್ತದೆ.

ಕೆಲಸ ಮುಗಿದ ದಿನ ಪೂರ್ತಿ ತುಂಬಿದ ಪ್ಯಾಕನ್ನು ಒಂದು ರಾತ್ರಿ ವಿಶ್ರಾಂತಿಗೆ ಬಿಟ್ಟು, 16 ಓದುಗಳನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿ. ಹತ್ತು ಪೂರ್ತಿ ಚಾರ್ಜ್ ಆದ ಮೇಲೆ ಅದೇ ರೀತಿ ಅಳೆದು ಚೀಟಿಗೆ ಹೋಲಿಸಿ. ಎಲ್ಲವೂ ಒಟ್ಟಿಗೆ ಅಷ್ಟಿಷ್ಟು ಸರಿದಿದ್ದರೆ ಚಿಂತೆಯಿಲ್ಲ. ಒಂದೇ ಸೆಲ್ ಮತ್ತೆ 50 ಮಿಲಿವೋಲ್ಟ್ ಕೆಳಗೆ ಹೋಗಿದ್ದರೆ ಅದನ್ನು ಇನ್ನೊಮ್ಮೆ ಬ್ಯಾಲೆನ್ಸ್ ಮಾಡಬೇಡಿ. ನಟ್ಟು, ಸೆನ್ಸ್ ವೈರ್ ಸರಿಯಿದ್ದೂ ಹೀಗಾಗಿದ್ದರೆ ಆ ಸೆಲ್ ಒಳಗೇ ಸೋರುತ್ತಿದೆ, ತೆಗೆದುಬಿಡಿ.